ಟಾರ್ಪಾಲು ಹೊದ್ದ ಮಷೀನು

ಕನ್ನಡದಲ್ಲಿ ‘ಮಧ್ಯವರ್ತಿ’ ಅನ್ನೋ ಪದಕ್ಕೆ ಒಳ್ಳೆ ಹೆಸರಿಲ್ಲ, ಗಮನಿಸಿದ್ದೀರಾ? ಪೇಪರಿನಲ್ಲಿ ಆ ಪದ ಕಂಡರೆ ಪಕ್ಕದಲ್ಲೇ ‘ಹಾವಳಿ’ಯೋ ‘ಕಾಟ’ವೋ ‘ಕಡಿವಾಣ’ವೋ ಕೂತಿರುತ್ತೆ. ಬೆಳೆದವನಿಗೂ ಕೊಳ್ಳೋನಿಗೂ ನಡುವೆ ನಿಂತು ಎರಡೂ ಕಡೆಯಿಂದ ಕೀಳೋನು ಅಂತಲೇ ನಮ್ಮ ಲೆಕ್ಕ. ರೇಷ್ಮೆ ಗೂಡಿನ ವಿಷಯದಲ್ಲಿ ಈ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ಗೂಡಿನ ವ್ಯಾಪಾರವನ್ನ ಹತೋಟಿಗೆ ತರೋದಕ್ಕೆ ಅಂತ ೧೯೫೯ರಲ್ಲೇ ನಮ್ಮಲ್ಲಿ ಕಾಯ್ದೆ ಬಂತು. ರೈತ ಗೂಡನ್ನ ಸರ್ಕಾರಿ ಮಾರುಕಟ್ಟೆಗೇ ತಂದು ಎಲ್ಲರ ಎದುರು ಹರಾಜಿನಲ್ಲಿ ಮಾರೋ ಪದ್ಧತಿ ಬೆಳೆದದ್ದು ಅದರ ಅಡಿಯಲ್ಲೇ.

ಆದ್ರೆ ನಡುವೆ ನಿಲ್ಲೋರಲ್ಲಿ ಇನ್ನೊಂದು ಜಾತಿ ಇದೆ. ಅವರು ದುಡ್ಡಿನ ನಡುವೆ ನಿಂತವರಲ್ಲ, ತಿಳುವಳಿಕೆಯ ನಡುವೆ ನಿಂತವರು. ಎಲ್ಲೋ ಒಂದು ಕಡೆ ಹೊಸ ವಿದ್ಯೆ ಹುಟ್ಟಿರುತ್ತೆ, ಇನ್ನೆಲ್ಲೋ ಒಂದು ಶೆಡ್ಡಿನಲ್ಲಿ ಹತ್ತು ಜನ ಇಟ್ಕೊಂಡು ಒಬ್ಬ ಸಣ್ಣ ಉದ್ಯಮಿ ಒದ್ದಾಡ್ತಿರ್ತಾನೆ. ಆ ವಿದ್ಯೆಯನ್ನ ಈ ಶೆಡ್ಡಿನೊಳಗೆ ದಾಟಿಸೋದು ಯಾರ ಕೆಲಸ? ತರಬೇತಿ ಕೇಂದ್ರ, ಪರೀಕ್ಷಾ ಕೇಂದ್ರ, ಸಂಶೋಧನಾ ಸಂಸ್ಥೆಯ ವಿಸ್ತರಣಾ ವಿಭಾಗ, ಉದ್ಯಮಿಗಳ ಸಂಘ... ಇವಕ್ಕೆಲ್ಲ ಸೇರಿ ಒಂದು ಒಳ್ಳೆ ಕನ್ನಡ ಹೆಸರು ನನಗೆ ಹೊಳೀಲಿಲ್ಲ. ಸದ್ಯಕ್ಕೆ ‘ನಡುವಿನವರು’ ಅಂತ ಇಟ್ಕೊಳ್ಳೋಣ. ನಿಮಗೆ ಬೇರೆ ಹೊಳೆದರೆ ಹೇಳಿ.

ಇದರ ಬಗ್ಗೆ ತಲೆ ಕೆಡಿಸ್ಕೊಳ್ಳೋ ಹಾಗೆ ಮಾಡಿದ್ದು ನಮ್ಮ ಸೋದರಮಾವನ ಮಗ. ಕನಕಪುರದ ಹತ್ತಿರ ಅವರದ್ದು ಎರಡೆಕರೆ ಹಿಪ್ಪುನೇರಳೆ ತೋಟ. ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಎರಡು ವರ್ಷ ದುಡಿದ, ಕಾಂಟ್ರಾಕ್ಟ್ ಮುಗೀತು, ಮನೆಗೆ ಬಂದ. ಈಗ ಅವನ ತಲೇಲಿ ಒಂದೇ ಹುಳು: “ಬಾವ, ಗೂಡು ಬೆಳೆದು ಮಾರ್ಕೆಟ್ಟಲ್ಲಿ ಸುರಿದು ಬರೋದು ಎಷ್ಟು ದಿನ? ನೂಲೂ ನಾವೇ ತೆಗೆಯಣ.” ರಾಮನಗರದ ಸ್ನೇಹಿತನೊಬ್ಬನ ಜೊತೆ ಸೇರಿ ಹತ್ತು ಬೇಸಿನ್ನಿನ ಮಲ್ಟಿ ಎಂಡ್ ಘಟಕ ಹಾಕೋ ಯೋಜನೆ. ಒಂದಷ್ಟು ಸಬ್ಸಿಡಿ, ಮಿಕ್ಕಿದ್ದು ಬ್ಯಾಂಕ್ ಸಾಲ, ಸಾಲಕ್ಕೆ ಅದೇ ಎರಡೆಕರೆ. ಮಾವ ನನಗೆ ಫೋನ್ ಮಾಡಿ “ನೀನು ಇಂಜಿನಿಯರು, ಒಸಿ ನೋಡು” ಅಂದರು. ಇಂಜಿನಿಯರ್ ಅಂದ್ರೆ ಬೋರ್‌ವೆಲ್ ಮೋಟರಿನಿಂದ ಹಿಡಿದು ರಾಕೆಟ್ ತನಕ ಎಲ್ಲಾ ಗೊತ್ತಿರುತ್ತೆ ಅನ್ನೋ ನಂಬಿಕೆ ನಮ್ಮೂರ ಕಡೆ ಇನ್ನೂ ಉಳಿದಿದೆ :) ಓದಿದ್ದು ಕಂಪ್ಯೂಟರ್ ಸೈನ್ಸ್, ಮಾಡೋದು ಜಾವಾ. ಆದ್ರೂ ಎರಡು ಶನಿವಾರ ರಾಮನಗರಕ್ಕೆ ಹೋಗಿಬಂದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಒಳ್ಳೆ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿಗೂ ಹೆಚ್ಚು ಉದ್ದದ ಒಂದೇ ಎಳೆ ಇರುತ್ತೆ. ಆ ಎಳೆ ತೀರಾ ಸಣ್ಣ, ಏಳೆಂಟು ಗೂಡಿನ ಎಳೆ ಕೂಡಿದರೆ ನೇಯೋಕೆ ಬರೋ ಒಂದು ನೂಲು. ಗೂಡನ್ನ ಮೊದಲು ಒಣಗಿಸ್ಬೇಕು, ಇಲ್ಲಾಂದ್ರೆ ಒಳಗಿನ ಕೋಶ ಚಿಟ್ಟೆಯಾಗಿ ತೂತು ಮಾಡ್ಕೊಂಡು ಹೊರಗೆ ಬರುತ್ತೆ, ಎಳೆ ತುಂಡಾಗುತ್ತೆ. ಆಮೇಲೆ ಬೇಯಿಸಬೇಕು, ಎಳೆಗಳನ್ನ ಹಿಡಿದಿರೋ ಅಂಟು ಮೆತ್ತಗಾಗಬೇಕು. ಆಮೇಲೆ ತುದಿ ಹುಡುಕಿ ಬಿಚ್ಚಬೇಕು. ಹಳೇ ಚರಕದಲ್ಲಿ ಬೇಯಿಸೋದು, ಬಿಚ್ಚೋದು ಎರಡೂ ಒಂದೇ ಕುದಿಯೋ ಬಾಂಡಲಿಯಲ್ಲಿ. ನೂಲು ಒರಟು, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ. ಕಾಟೇಜ್ ಬೇಸಿನ್ನಿನಲ್ಲಿ ಬೇಯಿಸೋದು ಬೇರೆ, ಬಿಚ್ಚೋದು ಬೇರೆ. ಮಲ್ಟಿ ಎಂಡ್‌ನಲ್ಲಿ ಒಂದೊಂದು ಬೇಸಿನ್ನಿಗೆ ಹತ್ತು ನೂಲು, ನಿಧಾನವಾಗಿ, ಒಂದೇ ಸಮ. ಅದಕ್ಕೂ ಮೇಲೆ ಆಟೋಮ್ಯಾಟಿಕ್ ಮಷೀನು, ಅದಕ್ಕೆ ದಿನಕ್ಕೆ ನೂರಾರು ಕಿಲೋ ಗೂಡು ಬೇಕು, ದುಡ್ಡೂ ಹಾಗೇ ಬೇಕು.

ಹುಡುಗನ ಸ್ನೇಹಿತನ ತಂದೆ ಮೂವತ್ತು ವರ್ಷದಿಂದ ರೀಲರ್. ಎಲ್ಲರೂ ಭಾಯ್ ಅಂತಾರೆ, ನಾನೂ ಹಾಗೇ ಕರೆದೆ. ಅವರ ಶೆಡ್ಡಿನ ಮುಂದಿನ ಅರ್ಧದಲ್ಲಿ ಕಾಟೇಜ್ ಬೇಸಿನ್ ಓಡ್ತಿತ್ತು. ಆ ವಾಸನೆ ಒಂದು ಸಲ ಕುಡಿದರೆ ಜನ್ಮದಲ್ಲಿ ಮರೆಯಲ್ಲ, ಬೆಂದ ಕೋಶದ ವಾಸನೆ. ಹಿಂದಿನ ಅರ್ಧದಲ್ಲಿ ನೀಲಿ ಟಾರ್ಪಾಲು ಹೊದ್ದು ಏನೋ ಮಲಗಿತ್ತು. ಎತ್ತಿ ನೋಡಿದರೆ ಆರು ಬೇಸಿನ್ನಿನ ಮಲ್ಟಿ ಎಂಡ್ ಮಷೀನು! ಕೆಲವು ವರ್ಷಗಳ ಹಿಂದೆ ಸಬ್ಸಿಡಿಯಲ್ಲಿ ತಗೊಂಡಿದ್ದಂತೆ. ಓಡಿದ್ದು ಎರಡು ತಿಂಗಳು.

“ಕೆಟ್ಟುಹೋಯ್ತಾ ಭಾಯ್?”

“ಕೆಟ್ಟಿಲ್ಲ ಸಾರ್. ಮಷೀನು ಚೆನ್ನಾಗೇ ಐತೆ. ನಮಗೇ ಆಗ್ಲಿಲ್ಲ.”

ಈ ‘ನಮಗೇ ಆಗ್ಲಿಲ್ಲ’ ಅನ್ನೋದನ್ನ ಬಿಡಿಸಿ ಬಿಡಿಸಿ ಕೇಳೋಕೆ ನನಗೆ ಪೂರ್ತಿ ಒಂದು ಮಧ್ಯಾಹ್ನ ಹಿಡೀತು. ಬೇಸಿನ್ನಿನ ಮುಂದಿದ್ದ ಹೆಂಗಸರೂ ಮಧ್ಯೆ ಮಧ್ಯೆ ಮಾತು ಸೇರಿಸಿದರು.

ಮೊದಲನೆಯದು ಗೂಡು. ಮಾರುಕಟ್ಟೆಯಲ್ಲಿ ಗೂಡು ಬರೋದು ಒಬ್ಬೊಬ್ಬ ರೈತನ ಲಾಟ್ ಆಗಿ. ದಿನದ ಕೆಲಸಕ್ಕೆ ಬೇಕಾದಷ್ಟು ಗೂಡು ಕೂಡಿಸೋಕೆ ಮೂರು ನಾಲ್ಕು ಲಾಟ್ ಹಿಡೀಬೇಕು. ಒಂದು ದ್ವಿತಳಿ, ಇನ್ನೊಂದು ಮಿಶ್ರತಳಿ. ಒಂದು ನಿನ್ನೆ ಬಿಡಿಸಿದ್ದು, ಇನ್ನೊಂದು ಮಳೆಗೆ ಸಿಕ್ಕಿದ್ದು. ಚರಕ, ಕಾಟೇಜ್ ಬೇಸಿನ್ ಇವನ್ನೆಲ್ಲ ಹೇಗೋ ಸಹಿಸ್ಕೊಳ್ಳುತ್ತೆ. ಮಲ್ಟಿ ಎಂಡ್ ಸಹಿಸಲ್ಲ, ಎಳೆ ಪದೇ ಪದೇ ಕಡಿಯುತ್ತೆ. ಪ್ರತಿ ಲಾಟನ್ನೂ ಬೇರೆ ಬೇರೆ ಹೊತ್ತು, ಬೇರೆ ಬೇರೆ ಬಿಸಿಯಲ್ಲಿ ಬೇಯಿಸಬೇಕು. ಎಷ್ಟು ಹೊತ್ತು, ಎಷ್ಟು ಬಿಸಿ? ಮಷೀನಿನ ಜೊತೆ ಬಂದ ಹಾಳೆಯಲ್ಲಿ ಒಂದೇ ಅಂಕಿ ಇತ್ತು.

ಎರಡನೆಯದು ನೀರು. ಬೋರ್‌ವೆಲ್ಲಿನ ಗಡಸು ನೀರಲ್ಲಿ ಅಂಟು ಸರಿಯಾಗಿ ಬಿಡಲ್ಲ, ನೂಲಿನ ಬಣ್ಣವೂ ಮಂಕು. ಇದು ಭಾಯ್‌ಗೆ ಮೊದಲೇ ಗೊತ್ತಿತ್ತು, ಆದ್ರೆ ಕಾಟೇಜ್ ಬೇಸಿನ್ನಿನ ನೂಲಿಗೆ ಅಷ್ಟು ಲೆಕ್ಕಕ್ಕೆ ಬರ್ತಿರಲಿಲ್ಲ.

ಮೂರನೆಯದು ಕೂಲಿ. ಹೊಸ ಮಷೀನಿನ ಮೇಲೆ ಮೊದಮೊದಲು ದಿನದ ನೂಲು ಅರ್ಧಕ್ಕೆ ಇಳೀತು. ತೂಕದ ಮೇಲೆ ಕೂಲಿ ತಗೊಳ್ಳೋ ಹೆಂಗಸರಿಗೆ ಕೂಲಿಯೂ ಅರ್ಧ. ಎರಡನೇ ವಾರಕ್ಕೆ ಮೂರು ಜನ ಪಕ್ಕದ ಘಟಕಕ್ಕೆ ಹೋದರು. ತಪ್ಪೇನಿದೆ?

ಇನ್ನು ಎಲ್ಲಕ್ಕಿಂತ ದೊಡ್ಡದು ರೊಕ್ಕದ ಓಟ. ಗೂಡಿಗೆ ದುಡ್ಡು ಕೂಡಲೇ ಕಟ್ಟಬೇಕು. ನೂಲು ಮಾರಿದರೆ ದುಡ್ಡು ಬರೋದು ವ್ಯಾಪಾರಿ ಕೊಟ್ಟಾಗ. ಈ ಎರಡರ ನಡುವೆ ರೀಲರ್ ಸೈಕಲ್ ತುಳಿಯೋನ ಥರ, ನಿಂತರೆ ಬೀಳ್ತಾನೆ. ಹೊಸದು ಕಲಿಯೋದು ಅಂದ್ರೆ ಒಂದಷ್ಟು ದಿನ ಕೆಟ್ಟ ನೂಲು ತೆಗೆಯೋದು. ಆ ಒಂದಷ್ಟು ದಿನವೇ ಅವರ ಹತ್ರ ಇಲ್ಲ.

ಮಷೀನು ಮಾರಿದ ಕಂಪನಿಯವರು ಎರಡು ದಿನ ಇದ್ದು, ಜೋಡಿಸಿ, ಓಡಿಸಿ ತೋರಿಸಿ ಹೋದರು. ತಪಾಸಣೆಗೆ ಬಂದವರು ಮಷೀನು ಓಡ್ತಿರೋ ಫೋಟೋ ತಗೊಂಡು, ಸಬ್ಸಿಡಿ ಪತ್ರಕ್ಕೆ ಸಹಿ ಹಾಕಿ ಹೋದರು. ಕಾಗದದ ಮೇಲೆ ಈ ಶೆಡ್ಡಿಗೆ ತಂತ್ರಜ್ಞಾನ ಬಂದಾಯ್ತು. ಇಲಿಗಳು ಟಾರ್ಪಾಲಿನ ಕೆಳಗೆ ಸಂಸಾರ ಹೂಡಿವೆ.

ಇದೆಲ್ಲ ಕೇಳ್ತಾ ನನಗೆ ನನ್ನ ಮೊದಲ ಕೆಲಸ ನೆನಪಾಗ್ತಿತ್ತು. ಆ ಕಂಪನಿಯಲ್ಲಿ ಸಣ್ಣ ಕಾರ್ಖಾನೆಗಳಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾರ್ತಿದ್ವಿ. ಇನ್‌ಸ್ಟಾಲ್, ಎರಡು ದಿನ ಟ್ರೈನಿಂಗ್, ‘ಗೋ ಲೈವ್’ ಅಂತ ಒಂದು ಮೇಲ್, ಬಿಲ್ಲು. ಆರು ತಿಂಗಳ ಮೇಲೆ ಸಪೋರ್ಟಿಗೆ ಅಂತ ಪೀಣ್ಯದ ಕಡೆ ಹೋದರೆ ಲೆಕ್ಕವೆಲ್ಲ ವಾಪಸ್ ನೋಟ್‌ಬುಕ್ಕಿಗೆ ಹೋಗಿರ್ತಿತ್ತು. ಒಂದೇ ಒಂದು ಕಡೆ ಮಾತ್ರ ಅದು ನಿಜವಾಗಿ ಓಡ್ತಿತ್ತು. ಅಲ್ಲಿ ನಿವೃತ್ತ ಸ್ಟೋರ್ಸ್ ಸೂಪರ್‌ವೈಸರ್ ಒಬ್ಬರನ್ನ ಮಾಲೀಕರು ಹಿಡಿದು ತಂದಿದ್ದರು. ಆ ಯಜಮಾನರು ಮೂರು ವಾರ ಅಲ್ಲೇ ಕೂತು, ನಮ್ಮ ಸ್ಕ್ರೀನಿನ ಹೆಸರುಗಳನ್ನೆಲ್ಲ ಅವರ ಬಿನ್ ಕಾರ್ಡಿನ ಹೆಸರುಗಳಿಗೆ ಬದಲಾಯಿಸಿ, ನಮ್ಮಿಂದ ನಾಲ್ಕು ಮಾರ್ಪಾಡು ಜಗಳ ಆಡಿ ಮಾಡಿಸ್ಕೊಂಡಿದ್ದರು. ಅವರಿಗೆ ಪ್ರೋಗ್ರಾಮಿಂಗ್ ಒಂದಕ್ಷರ ಬರ್ತಿರಲಿಲ್ಲ. ಎರಡೂ ಕಡೆಯ ಭಾಷೆ ಅರ್ಥ ಆಗ್ತಿತ್ತು, ಅಷ್ಟೇ.

ಮ್ಯಾನೇಜ್‌ಮೆಂಟ್ ಓದಿದ ಗೆಳೆಯನೊಬ್ಬ ಇದಕ್ಕೆ ಹೆಸರೇ ಇದೆ ಮಾರಾಯಾ ಅಂದ. ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂತಾಲ್ ಅನ್ನೋ ಇಬ್ಬರು ೧೯೯೦ರಲ್ಲಿ ಬರೆದ ಪ್ರಬಂಧ ತುಂಬಾ ಪ್ರಸಿದ್ಧವಂತೆ. ಹೊಸ ತಿಳುವಳಿಕೆಯನ್ನ ಒಂದು ಸಂಸ್ಥೆ ಹೀರಿಕೊಳ್ಳೋ ಶಕ್ತಿ ಅದರ ಹತ್ರ ಮೊದಲೇ ಇರೋ ತಿಳುವಳಿಕೆಯ ಮೇಲೆ ನಿಂತಿದೆ ಅನ್ನೋದು ಅದರ ತಿರುಳು. ಒಣಗಿ ಬಿರಿದ ನೆಲದ ಮೇಲೆ ಮಳೆ ಸುರಿದರೆ ನೀರು ಹರಿದುಹೋಗುತ್ತೆ, ಹದವಾದ ನೆಲ ಕುಡಿಯುತ್ತೆ, ಹಾಗೆ. ದೊಡ್ಡ ಕಂಪನಿಗಳು ಸಂಶೋಧನೆಗೆ ದುಡ್ಡು ಹಾಕಿದಾಗ ಈ ಶಕ್ತಿಯೂ ಜೊತೆಗೇ ಬೆಳೆಯುತ್ತಂತೆ. ಸರಿ, ಆರು ಬೇಸಿನ್ನಿನ ಭಾಯ್ ಎಲ್ಲಿ ಸಂಶೋಧನಾ ವಿಭಾಗ ಇಡ್ತಾರೆ? ಅವರ ಪಾಲಿಗೆ ಆ ಹದ ಮಾಡೋ ಕೆಲಸ ಹೊರಗಿನ ಯಾರೋ ಮಾಡ್ಬೇಕು. ನಡುವಿನವರು ಬೇಕಾಗೋದು ಅಲ್ಲಿ.

ರೇಷ್ಮೆಯಲ್ಲೇ ಇದಕ್ಕೊಂದು ಹಳೇ ಕಥೆ ಇದೆ, ಜಪಾನಿನದ್ದು. ಅದನ್ನ ಓದಿದ ಮೇಲೆ ಟಾರ್ಪಾಲಿನ ಸಮಸ್ಯೆ ನನಗೆ ಇನ್ನಷ್ಟು ತಿಳಿಯಾಯ್ತು.

೧೮೫೯ರಲ್ಲಿ ಯೊಕೊಹಾಮಾ ಬಂದರು ತೆರೆದ ಮೇಲೆ ಜಪಾನಿನ ರೇಷ್ಮೆಗೆ ಯೂರೋಪಿನಲ್ಲಿ ಭಾರಿ ಬೇಡಿಕೆ ಬಂತು. ಅಲ್ಲಿ ಹುಳುಗಳಿಗೆ ರೋಗ ಬಡಿದಿತ್ತು. ಆದ್ರೆ ಕೈಯಲ್ಲಿ ಬಿಚ್ಚಿದ ನೂಲು ಒಂದೇ ಸಮ ಇರ್ತಿರಲಿಲ್ಲ, ಹೆಸರು ಕೆಡ್ತಾ ಬಂತು. ೧೮೭೨ರಲ್ಲಿ ಸರ್ಕಾರ ಗುನ್ಮ ಪ್ರಾಂತ್ಯದ ಟೊಮಿಯೋಕದಲ್ಲಿ ಒಂದು ಮಾದರಿ ಕಾರ್ಖಾನೆ ಕಟ್ಟಿಸ್ತು. ಫ್ರಾನ್ಸಿನ ಪಾಲ್ ಬ್ರೂನಾ ಅನ್ನೋ ಪರಿಣತ, ಫ್ರೆಂಚ್ ಮಷೀನು, ಮುನ್ನೂರು ಬೇಸಿನ್ನು. ಬ್ರೂನಾ ಮಷೀನನ್ನ ಇದ್ದ ಹಾಗೇ ತರಲಿಲ್ಲ. ಜಪಾನಿ ಹೆಂಗಸರ ಎತ್ತರಕ್ಕೆ ತಕ್ಕ ಹಾಗೆ ಬದಲಾಯಿಸಿದ. ಅಲ್ಲಿನ ತೇವದ ಹವೆಗೆ ಸುತ್ತಿದ ನೂಲು ಅಂಟಿಕೊಳ್ಳುತ್ತೆ ಅಂತ ಮತ್ತೊಮ್ಮೆ ಬೇರೆ ರೀಲಿಗೆ ಸುತ್ತೋ ಹಂತ ಸೇರಿಸಿದ.

ಮಜಾ ಏನಂದ್ರೆ, ಕಲಿಯೋಕೆ ಯಾರೂ ಬರಲಿಲ್ಲ! ಫ್ರೆಂಚರು ಕೆಂಪು ವೈನ್ ಕುಡಿಯೋದನ್ನ ಕಂಡ ಜನ ಹುಡುಗೀರ ರಕ್ತ ಹೀರ್ತಾರೆ ಅಂತ ಸುದ್ದಿ ಹಬ್ಬಿಸಿದ್ದರು. ಕೊನೆಗೆ ಕಾರ್ಖಾನೆಯ ಮುಖ್ಯಸ್ಥ ಒದಾಕಾ ಅತ್ಸುತಾದಾ ತನ್ನ ಮಗಳು ಯೂಳನ್ನೇ ಮೊದಲ ಕೆಲಸಗಾತಿಯಾಗಿ ಸೇರಿಸಿದ. ಆಮೇಲೆ ಬೇರೆ ಬೇರೆ ಪ್ರಾಂತ್ಯಗಳಿಂದ ಹುಡುಗೀರು ಬಂದರು, ಎಷ್ಟೋ ಜನ ಸಮುರಾಯಿ ಮನೆತನದವರು. ಅವರಲ್ಲೊಬ್ಬಳು ವಾದಾ ಎಯಿ. ಮತ್ಸುಶಿರೊ ಅನ್ನೋ ಊರಿಂದ ೧೮೭೩ರಲ್ಲಿ ಬಂದು, ಕಲಿತು, ಮರುವರ್ಷ ಊರಿಗೆ ಹೋಗಿ ಅಲ್ಲಿ ಹೊಸದಾಗಿ ಶುರುವಾದ ರೊಕ್ಕೋಶಾ ಅನ್ನೋ ಖಾಸಗಿ ಕಾರ್ಖಾನೆಯಲ್ಲಿ ಕಲಿಸೋಕೆ ನಿಂತಳು. ಎಷ್ಟೋ ವರ್ಷಗಳ ಮೇಲೆ ಆ ದಿನಗಳ ನೆನಪುಗಳನ್ನ ಬರೆದಿಟ್ಟಳು, ಹಾಗಾಗಿ ನಮಗೆ ಅವಳ ಹೆಸರು ಗೊತ್ತು.

ಇತ್ತ ಸುವಾ ಅನ್ನೋ ಸೀಮೆಯ ಸಣ್ಣ ರೀಲರ್‌ಗಳಿಗೆ ಟೊಮಿಯೋಕದ ಕಬ್ಬಿಣ, ತಾಮ್ರ ಕೈಗೆಟುಕೋ ಮಾತಾಗಿರಲಿಲ್ಲ. ೧೮೭೫ರಲ್ಲಿ ಅಲ್ಲಿ ನಕಯಾಮಾಶಾ ಅಂತ ಒಂದು ಕೂಟ ಹುಟ್ಟಿತು. ಫ್ರೆಂಚ್ ಪದ್ಧತಿಯಿಂದ ಒಂದಷ್ಟು, ಇಟಲಿಯ ಪದ್ಧತಿಯಿಂದ ಒಂದಷ್ಟು ತಗೊಂಡು, ಕಬ್ಬಿಣದ ಬದಲು ಮರ, ಲೋಹದ ಬೇಸಿನ್ ಬದಲು ಸುಟ್ಟ ಮಣ್ಣಿನ ಬೇಸಿನ್ ಹಾಕಿ ತೀರಾ ಅಗ್ಗದ ಮಷೀನು ಮಾಡ್ಕೊಂಡರು. ದೇಶ ತುಂಬ ಹಬ್ಬಿದ್ದು ಈ ಅಗ್ಗದ ನಮೂನೆ. ೧೯೦೯ರ ಹೊತ್ತಿಗೆ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಪಾನು ಚೀನಾವನ್ನ ಹಿಂದೆ ಹಾಕಿತ್ತು. ಟೊಮಿಯೋಕದ ಕಾರ್ಖಾನೆ ವ್ಯಾಪಾರವಾಗಿ ಅಂಥಾ ಲಾಭ ಮಾಡಲಿಲ್ಲ, ೧೮೯೩ರಲ್ಲಿ ಸರ್ಕಾರ ಅದನ್ನ ಮಿತ್ಸುಯಿಗೆ ಮಾರಿತು. ಲಾಭ ನಷ್ಟದ ಪಟ್ಟಿ ನೋಡಿದರೆ ಅದು ಸೋತ ಯೋಜನೆ. ಆದ್ರೆ ಅದರಿಂದ ಹೊರಟ ಹುಡುಗೀರನ್ನ ಯಾವ ಪಟ್ಟಿಯಲ್ಲಿ ಬರೀತೀರಿ?

ನಮ್ಮಲ್ಲಿ ಇಂಥದ್ದು ನಡೆದೇ ಇಲ್ವಾ? ನಡೆದಿದೆ, ಅದೂ ಜಪಾನಿನ ಕೈ ಹಿಡಿದೇ. ಬೆಂಗಳೂರಿನ ಬಸವನಗುಡಿ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಅನ್ನೋ ಹೆಸರು ಕೇಳಿರ್ತೀರಿ. ೧೯ನೇ ಶತಮಾನದ ಕೊನೆಯಲ್ಲಿ ಜಮ್ಷೇಟ್‌ಜಿ ಟಾಟಾ ಜಪಾನಿನಿಂದ ಪರಿಣತರನ್ನ ಕರೆಸಿ ಅಲ್ಲಿ ರೇಷ್ಮೆ ಕಲಿಸೋ ತೋಟ ಶುರು ಮಾಡಿಸಿದ್ದರು. ಈಗ ಹೆಸರು ಮಾತ್ರ ಉಳಿದಿದೆ, ನಾನು ದಿನಾ ಅದೇ ದಾರಿಯಲ್ಲಿ ಬಸ್ಸಲ್ಲಿ ಹೋಗ್ತಿದ್ದೆ, ಯಾಕೆ ಆ ಹೆಸರು ಅಂತ ಯೋಚನೆ ಮಾಡಿದ್ದೇ ಇಲ್ಲ. ಆಮೇಲೆ ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, ೧೯೬೧ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ೧೯೮೩ರಲ್ಲಿ ನೂಲಿನ ಕಡೆಗೇ ಮೀಸಲಾಗಿ ಬೆಂಗಳೂರಿನಲ್ಲಿ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಬಂದವು.

ಎಲ್ಲಕ್ಕಿಂತ ದೊಡ್ಡ ಕೆಲಸ ಆದದ್ದು ೧೯೯೧ರಿಂದ ೨೦೦೭ರ ತನಕ, ಮೂರು ಹಂತದಲ್ಲಿ ನಡೆದ ಜಪಾನಿನ ಜೈಕಾ ನೆರವಿನ ದ್ವಿತಳಿ ಯೋಜನೆಯಲ್ಲಿ. ಅದಕ್ಕೆ ಮುಂಚೆ ನಮ್ಮ ಬಿಸಿಲ ನಾಡಲ್ಲಿ ದ್ವಿತಳಿ ಹುಳು ಬದುಕಲ್ಲ ಅನ್ನೋದು ರೈತರ ಅನುಭವ. ಬೆಳೆ ಹೋಗ್ತಿತ್ತು, ಜನ ಹಳದಿ ಗೂಡಿನ ಮಿಶ್ರತಳಿಗೇ ವಾಪಸಾಗ್ತಿದ್ದರು. ಈ ಯೋಜನೆಯಲ್ಲಿ ಜಪಾನಿನ ತಳಿಗಳನ್ನ ಬಳಸಿ, ನಮ್ಮ ಹವೆಗೆ ಹೊಂದೋ ಹಾಗೆ ಮೈಸೂರಿನಲ್ಲೇ ಸಿ.ಎಸ್.ಆರ್. ತಳಿಗಳನ್ನ ಬೆಳೆಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಒಂದು ಟಾರ್ಪಾಲು ಹೊದ್ದ ಮಷೀನೇ ಆಗ್ತಿತ್ತು. ತಳಿಯ ಜೊತೆ ಹೆಚ್ಚು ಸೊಪ್ಪು ಕೊಡೋ ವಿ-೧ ಹಿಪ್ಪುನೇರಳೆ, ಎಲೆ ಬಿಡಿಸದೆ ರೆಂಬೆಯನ್ನೇ ಹಾಕೋ ಕ್ರಮ, ವಾಸದ ಮನೆಯಿಂದ ಬೇರೆಯಾದ ಹುಳು ಮನೆ, ಪ್ರತಿ ಬೆಳೆಗೂ ರೋಗಾಣು ತೊಳೆಯೋ ಶಿಸ್ತು, ಎಲ್ಲ ಒಂದು ಗಂಟಾಗಿ ಬಂತು. ದೇಶದ ದ್ವಿತಳಿ ರೇಷ್ಮೆ ಉತ್ಪಾದನೆ ೨೦೨೨-೨೩ರ ಹೊತ್ತಿಗೆ ಎಂಟು ಸಾವಿರ ಟನ್ ದಾಟಿತ್ತು. ದ್ವಿತಳಿ ಬದುಕಲ್ಲ ಅಂತಿದ್ದ ದೇಶ ಇದು.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಚಾಕಿ ಕೇಂದ್ರ. ಮೊಟ್ಟೆಯಿಂದ ಹೊರಬಂದ ಹುಳು ಎರಡನೇ ಜ್ವರ ದಾಟೋ ತನಕ ಕೂಸಿದ್ದ ಹಾಗೆ. ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಬಿಸಿ, ಒಳ್ಳೆ ತೇವ, ಎಳೇ ಸೊಪ್ಪು. ಆ ವಾರದಲ್ಲಿ ಎಡವಿದರೆ ಬೆಳೆ ಕೊನೆಯಲ್ಲಿ ಹೋಗುತ್ತೆ, ಆದ್ರೆ ಕಾರಣ ಅಷ್ಟು ಹೊತ್ತಿಗೆ ಯಾರಿಗೂ ನೆನಪಿರಲ್ಲ. ಈ ಕಷ್ಟದ ಭಾಗವನ್ನ ಒಬ್ಬ ಪಳಗಿದವನು ಒಂದು ಕಡೆ ಮಾಡಿ, ಗಟ್ಟಿಯಾದ ಹುಳುವನ್ನ ರೈತರಿಗೆ ಮಾರೋದೇ ಚಾಕಿ ಕೇಂದ್ರ. ಸಂಸ್ಥೆಯಲ್ಲಿ ಕಲಿತದ್ದನ್ನೆಲ್ಲ ಮಾವ ಕಲೀಬೇಕಾಗಿಲ್ಲ. ಅದರಲ್ಲಿ ಅತಿ ಸೂಕ್ಷ್ಮದ್ದು ಹುಳುವಿನ ಮೈಯಲ್ಲೇ ಕೂತು ಮನೆಗೆ ಬರುತ್ತೆ. ನಮ್ಮ ಮಾವ ಹುಳು ತರೋ ಕೇಂದ್ರದ ಯಜಮಾನರು ಮೂರನೇ ಜ್ವರದ ಹೊತ್ತಿಗೆ ಯಾರೂ ಕರೆಯದೇ ಬೈಕಲ್ಲಿ ಬಂದು ತಟ್ಟೆ ನೋಡಿ ಹೋಗ್ತಾರೆ. ಧರ್ಮಕ್ಕಲ್ಲ. ಮಾವನ ಬೆಳೆ ಹೋದರೆ ಮುಂದಿನ ಸಲ ಮಾವ ಬೇರೆ ಕಡೆ ಹೋಗ್ತಾರೆ, ಸುತ್ತಲಿನ ಹತ್ತು ಮನೆಗೂ ಹೇಳ್ತಾರೆ.

ಈಗ ಇದನ್ನ ಭಾಯ್ ಅವರ ಶೆಡ್ಡಿನ ಪಕ್ಕ ಇಟ್ಟು ನೋಡಿ. ರೀಲರ್‌ಗೆ ತರಬೇತಿ ಇಲ್ಲ ಅಂತಲ್ಲ, ಇದೆ. ಬೆಂಗಳೂರಿನ ಸಂಸ್ಥೆಯಲ್ಲಿ ಕಲಿಸ್ತಾರೆ, ನೂಲು ಪರೀಕ್ಷೆ ಮಾಡ್ತಾರೆ, ನೀರನ್ನೂ ನೋಡ್ತಾರೆ. ಆದ್ರೆ ಚಾಕಿಯವರ ಥರ ಅವರ ಸೋಲು ಗೆಲುವಿಗೆ ತನ್ನ ಸೋಲು ಗೆಲುವನ್ನ ಕಟ್ಟಿಕೊಂಡವರು ಭಾಯ್ ಅವರ ಸುತ್ತ ಯಾರೂ ಇರಲಿಲ್ಲ. ಕಂಪನಿಗೆ ಮಷೀನು ಮಾರಾಟವಾದರೆ ಮುಗೀತು, ತಪಾಸಣೆಗೆ ಫೋಟೋ ಬಂದರೆ ಮುಗೀತು, ಬ್ಯಾಂಕಿಗೆ ಕಂತು ಬಂದರೆ ಮುಗೀತು. ಅವರು ಕಟ್ಟಿದರು ಕೂಡ, ಕಾಟೇಜ್ ಬೇಸಿನ್ನಿನ ದುಡ್ಡಲ್ಲಿ.

ಇನ್ನೊಂದು ವಿಷಯ. ಹುಡುಗನ ಕೊಟೇಶನ್ನಿನಲ್ಲಿ ಮಷೀನು, ಬಾಯ್ಲರು, ಶೆಡ್ಡು, ಪೈಪು ಎಲ್ಲಕ್ಕೂ ಸಾಲು ಇದೆ. ಕಲಿಯೋ ದಿನಗಳಲ್ಲಿ ಆಗೋ ನಷ್ಟಕ್ಕೆ ಸಾಲೇ ಇಲ್ಲ. ಸಾಫ್ಟ್‌ವೇರಿನಲ್ಲಿ ನಾವು ಇದನ್ನ ನಾಚಿಕೆ ಇಲ್ಲದೆ ಬಿಲ್ಲಿಗೆ ಹಾಕ್ತೀವಿ, ‘ಸ್ಟೆಬಿಲೈಸೇಶನ್’ ಅಂತ 😉 ಮೊದಲ ಎರಡು ತಿಂಗಳು ಹೆಂಗಸರಿಗೆ ತೂಕದ ಕೂಲಿ ಬೇಡ, ದಿನಗೂಲಿ ಕೊಡಿ, ಆ ದುಡ್ಡು ಸಾಲದಲ್ಲೇ ಸೇರಿಸಿ ಅಂತ ನಾನು ಅಂದೆ. ಬ್ಯಾಂಕಿನವರು ಆಸ್ತಿ ಕೊಳ್ಳೋಕೆ ಸಾಲ ಕೊಡ್ತೀವಿ, ಕೂಲಿಗಲ್ಲ ಅಂದರಂತೆ. ಕಬ್ಬಿಣಕ್ಕೆ ಸಾಲ ಇದೆ, ಕೈಗೆ ಇಲ್ಲ. ನನಗೆ ಇದು ಸರಿ ಕಾಣಲ್ಲ. ಸಾಲ ಮರುಪಾವತಿ ಆಗೋದು ಕಬ್ಬಿಣದಿಂದಲ್ಲವಲ್ಲ.

ನಡುವಿನವರನ್ನ ಸುಮ್ಮನೆ ಹೊಗಳ್ತಿದೀನಿ ಅಂದ್ಕೋಬೇಡಿ. ಕರಪತ್ರ ಹಂಚಿ, ಬ್ಯಾನರ್ ಕಟ್ಟಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸೋ ಕಾರ್ಯಾಗಾರಗಳನ್ನ ನಾನೂ ನೋಡಿದೀನಿ. ಎಷ್ಟು ಜನರಿಗೆ ತರಬೇತಿ ಆಯ್ತು ಅಂತ ಎಣಿಸ್ತಾರೆ, ಎಷ್ಟು ಮಷೀನು ಮುಂದಿನ ವರ್ಷವೂ ಓಡ್ತಿದೆ ಅಂತ ಎಣಿಸೋರು ಕಮ್ಮಿ. ಕಲಿಸೋಕೆ ಬಂದವರು ಕೇಳೋದೂ ಕಮ್ಮಿ. ಭಾಯ್ ಒಂದು ಹಿಡಿ ಗೂಡು ಕಿವಿಯ ಹತ್ರ ಹಿಡಿದು ಅಲ್ಲಾಡಿಸಿ, ಒಳಗಿನ ಕೋಶ ಹೇಗಿದೆ, ಎಷ್ಟು ಗೂಡು ಹಾಳು ಅಂತ ಹೇಳಿಬಿಡ್ತಾರೆ. ಬೇಯಿಸೋ ಹೆಂಗಸು ವಾಸನೆಯಲ್ಲೇ ಹದ ಹೇಳ್ತಾರೆ. ಆ ಹಾಳೆಯ ಒಂದೇ ಅಂಕಿಯನ್ನ ಈ ಕಿವಿ, ಈ ಮೂಗಿನ ಜೊತೆ ಯಾರಾದರೂ ಒಂದು ತಿಂಗಳು ಕೂತು ಹೊಂದಿಸಿದ್ದರೆ ಲಾಟಿಗೊಂದು ಪಟ್ಟಿ ತಯಾರಾಗ್ತಿತ್ತು.

ಆ ಪಟ್ಟಿಯನ್ನ ಹುಡುಗ ಈಗ ಮಾಡ್ತಿದಾನೆ. ಹೊಸದು ಕೊಳ್ಳೋ ಮುಂಚೆ ಭಾಯ್ ಅವರ ಆರು ಬೇಸಿನ್ನನ್ನೇ ಎಬ್ಬಿಸೋಣ, ಇಲಿ ಓಡಿಸಿ ಒಂದು ಬೇಸಿನ್ ಮಾತ್ರ ಶುರು ಮಾಡೋಣ ಅಂತ ಎರಡು ಮನೆಯವರೂ ಒಪ್ಪಿದ್ದಾರೆ. ಮಿಕ್ಕಿದ್ದು ಕಾಟೇಜ್ ಬೇಸಿನ್ನಿನಲ್ಲೇ ನಡೀಲಿ, ಸೈಕಲ್ ನಿಲ್ಲೋದು ಬೇಡ. ಮಾವನ ತೋಟದ ಗೂಡು, ಅದೇ ಚಾಕಿ ಕೇಂದ್ರದಿಂದ ಹುಳು ತಂದ ಇನ್ನೂ ನಾಲ್ಕು ಮನೆಯವರ ಗೂಡು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಮಾರುಕಟ್ಟೆಯಲ್ಲಿ ಅದೇ ಲಾಟುಗಳನ್ನ ಹರಾಜಿನಲ್ಲಿ ಹಿಡಿಯೋಕೆ ಭಾಯ್ ನೋಡ್ತಾರೆ. ಸಿಗುತ್ತೋ ಇಲ್ವೋ, ಹರಾಜು ಹರಾಜೇ. ಪ್ರತಿ ಲಾಟಿಗೂ ಎಷ್ಟು ಹೊತ್ತು ಬೇಯಿಸಿದ್ದು, ನೀರಿನ ಬಿಸಿ ಎಷ್ಟು, ಎಷ್ಟು ಸಲ ಎಳೆ ಕಡೀತು, ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಅಂತ ಬರೀತಿದಾನೆ. ನಾನು ಮೊಬೈಲಿನಲ್ಲಿ ಒಂದು ಫಾರ್ಮ್ ಮಾಡ್ಕೊಡ್ತೀನಿ ಅಂದೆ. ಒದ್ದೆ ಕೈಯಲ್ಲಿ ಮೊಬೈಲ್ ಮುಟ್ಟೋಕಾಗಲ್ಲ ಬಾವ, ಗೋಡೆ ಮೇಲೆ ಸೀಮೆಸುಣ್ಣ ಸಾಕು ಅಂದ. ರಾತ್ರಿ ಗೋಡೆಯ ಫೋಟೋ ಕಳಿಸ್ತಾನೆ, ನಾನು ಶೀಟಿಗೆ ಏರಿಸ್ತೀನಿ. ನೀರಿನ ಸ್ಯಾಂಪಲ್ ಪರೀಕ್ಷೆಗೆ ಹೋಗಿತ್ತು, ಗಡಸು ಜಾಸ್ತಿ ಅಂತಲೇ ಬಂತು. ಮಳೆ ನೀರಿಗೆ ಒಂದು ತೊಟ್ಟಿ ಕಟ್ಟೋ ಮಾತು ನಡೀತಿದೆ.

ಸಾಲದ ಅರ್ಜಿ ಸದ್ಯಕ್ಕೆ ಮಾವನ ಬೀರುವಿನಲ್ಲಿದೆ. ಗೋಡೆಯ ಮೇಲಿನ ಅಂಕಿ ಮೂರು ತಿಂಗಳು ನೋಡಿ ಆಮೇಲೆ ಯೋಚನೆ ಮಾಡ್ತಾರಂತೆ.

ಬೆಂಗಳೂರಿನ ತರಬೇತಿಗೆ ಯಾರು ಹೋಗೋದು ಅಂತ ಮೊನ್ನೆ ಚರ್ಚೆ ಆಯ್ತು. ಹೋದ ಸಲ ಭಾಯ್ ಹೋಗಿದ್ದರು, ಈ ಸಲ ಅವರ ಮಗ ಅಂತ ಮೊದಲು ಮಾತಾಗಿತ್ತು. ಆದ್ರೆ ಬೇಸಿನ್ನಿನ ಮುಂದೆ ಇರೋರು ಅವರಿಬ್ಬರೂ ಅಲ್ಲವಲ್ಲ ಅಂತ ಹುಡುಗ ಎತ್ತಿದ. ಅಲ್ಲಿ ಇಪ್ಪತ್ತು ವರ್ಷದಿಂದ ನೂಲು ಬಿಚ್ಚೋ ಒಬ್ಬ ಆಯಮ್ಮ ಇದ್ದಾರೆ, ವಾಸನೆಯಲ್ಲಿ ಹದ ಹೇಳೋದೂ ಅವರೇ. ಕೇಳಿದ್ದಕ್ಕೆ ಒಂದು ಗಳಿಗೆ ಸುಮ್ಮನಿದ್ದು, ಕೈ ಒರೆಸಿಕೊಂಡು, ತಾನು ಬರೋಕೆ ತಯಾರು ಅಂದರಂತೆ. ಅಷ್ಟೂ ದಿನದ ಕೂಲಿ ಹಿಡೀಬಾರದು, ಮೊಮ್ಮಗುವನ್ನ ನೋಡ್ಕೊಳ್ಳೋಕೆ ಯಾರಾದರೂ ಸಿಗಬೇಕು. ಕೂಲಿಗೆ ಭಾಯ್ ಒಪ್ಪಿದ್ದಾರೆ. ಮಗುವಿಗೆ ಇನ್ನೂ ಯಾರೂ ಸಿಕ್ಕಿಲ್ಲ.